ಮೂವತ್ತು ದಾಟಿದ ಮೇಲೆ ಈಜು ಸ್ಪರ್ಧೆ: ಮಾಸ್ಟರ್ಸ್ ಕೂಟಕ್ಕೆ ಹೆಸರು ಕೊಡುವುದರಿಂದ ಗೋಡೆ ಮುಟ್ಟುವವರೆಗೆ

ಬೆಳಗಿನ ಬ್ಯಾಚಿನಲ್ಲಿ ಇಪ್ಪತ್ತು ಲ್ಯಾಪ್ ನಿಲ್ಲದೆ ಈಜುವವರು ಎಲ್ಲ ಈಜುಕೊಳದಲ್ಲೂ ಇರುತ್ತಾರೆ. ಅವರನ್ನು ಮಾಸ್ಟರ್ಸ್ ಕೂಟಕ್ಕೆ, ಅಂದರೆ ದೊಡ್ಡವರಿಗಾಗಿಯೇ ವಯಸ್ಸಿನ ಗುಂಪು ಮಾಡಿ ನಡೆಸುವ ಈಜು ಸ್ಪರ್ಧೆಗೆ, ಕರೆದು ನೋಡಿ. ‘ಅಯ್ಯೋ, ನಮ್ಮ ಸ್ಪೀಡ್ ಎಲ್ಲಿ ಸಾಲುತ್ತೆ?’ ಅಂತಾರೆ. ಸ್ಪೀಡ್ ಅಷ್ಟು ದೊಡ್ಡ ತೊಂದರೆಯೇ ಅಲ್ಲ. ಜನ ಎಡವುವುದು ಬೇರೆ ಕಡೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ (ಕಪ್ಪೆಯ ಹಾಗೆ ಕೈಕಾಲು ಆಡಿಸುವ ಶೈಲಿ) ಒಂದೇ ಕೈಯಲ್ಲಿ ಗೋಡೆ ಮುಟ್ಟಿ ಅನರ್ಹರಾಗುತ್ತಾರೆ. ಡೈವ್ ಹೊಡೆದ ಕೂಡಲೇ ಗಾಗಲ್ಸ್ ಬಾಯಿಗೆ ಬಂದು ಕೂರುತ್ತದೆ. ತಮ್ಮ ಹೀಟ್ (ಒಟ್ಟಿಗೆ ನೀರಿಗಿಳಿಸುವ ಒಂದು ಗುಂಪು) ಕರೆದಾಗ ಶೌಚಾಲಯದಲ್ಲಿರುತ್ತಾರೆ. ದೊಡ್ಡವರು ದಮ್ಮು ಬೆಳೆಸಿಕೊಳ್ಳಲು ತಿಂಗಳುಗಟ್ಟಲೆ ಈಜುತ್ತಾರೆ, ಆದರೆ ಸ್ಪರ್ಧೆಯನ್ನು ಅಭ್ಯಾಸ ಮಾಡುವುದಿಲ್ಲ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಯಾರು ಸೇರಬಹುದು, ವಯಸ್ಸಿನ ಲೆಕ್ಕ ಹೇಗೆ

25 ತುಂಬಿದ ಯಾರು ಬೇಕಾದರೂ ಮಾಸ್ಟರ್ಸ್ ಈಜುಗಾರರೇ. ಗುಂಪುಗಳು ಐದೈದು ವರ್ಷದವು: 25–29, 30–34, 35–39, ಹೀಗೆ ಮೇಲಕ್ಕೆ ಹೋಗುತ್ತವೆ. 80, 90 ದಾಟಿದವರಿಗೂ ಗುಂಪಿದೆ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಫಲಿತಾಂಶ.

ವಯಸ್ಸನ್ನು ಸ್ಪರ್ಧೆಯ ದಿನಕ್ಕೆ ಎಣಿಸುವುದಿಲ್ಲ. ಆ ವರ್ಷದ ಡಿಸೆಂಬರ್ 31ಕ್ಕೆ ನಿಮಗೆ ಎಷ್ಟಾಗುತ್ತದೋ ಅದೇ ವರ್ಷವಿಡೀ ನಿಮ್ಮ ವಯಸ್ಸು. ಇದು ಈಜಿನ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್‌ನ ನಿಯಮ. ನೀವು 1986ರ ಡಿಸೆಂಬರ್‌ನಲ್ಲಿ ಹುಟ್ಟಿದ್ದರೆ, 2026ರ ಜನವರಿಯಲ್ಲಿ ಇನ್ನೂ 39 ಆಗಿದ್ದರೂ, 40–44ರ ಗುಂಪಿನಲ್ಲೇ ಈಜುತ್ತೀರಿ. ಹಾಗಾಗಿ ಇಲ್ಲಿ ವಯಸ್ಸಾಗುವುದನ್ನು ಜನ ಖುಷಿಯಿಂದ ಕಾಯುತ್ತಾರೆ. ಹೊಸ ಗುಂಪಿಗೆ ಕಾಲಿಟ್ಟ ವರ್ಷ ಆ ಗುಂಪಿನಲ್ಲಿ ನೀವೇ ಚಿಕ್ಕವರು, ಅಲ್ವಾ? ‘ಮುಂದಿನ ವರ್ಷ ನನಗೆ ಐವತ್ತು, ಆಗ ನೋಡ್ಕೊಳ್ತೀನಿ’ ಎಂಬ ಮಾತು ಕೇಳಿಸುವ ಜಾಗ ಇದೊಂದೇ ಇರಬೇಕು.

ಯಾವ ಕೂಟ, ಹೆಸರು ಕೊಡುವುದು ಹೇಗೆ

ನಮ್ಮಲ್ಲಿ ಮೆಟ್ಟಿಲು ಸರಳ. ರಾಜ್ಯಮಟ್ಟದ ಮಾಸ್ಟರ್ಸ್ ಕೂಟವನ್ನು ಕರ್ನಾಟಕ ಈಜು ಸಂಸ್ಥೆ ನಡೆಸುತ್ತದೆ. ರಾಷ್ಟ್ರೀಯ ಕೂಟ ಭಾರತೀಯ ಈಜು ಫೆಡರೇಷನ್ನಿನದು. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಕೂಟ ಮಂಗಳೂರಿನ ಎಮ್ಮೆಕೆರೆಯ ಹೊಸ ಈಜುಕೊಳದಲ್ಲೇ ನಡೆದಿತ್ತು. ಅದಕ್ಕೂ ಮೇಲೆ ವಿಶ್ವ ಮಾಸ್ಟರ್ಸ್. ಅದರ ವಿಷಯ ಕೊನೆಯಲ್ಲಿ ಹೇಳುತ್ತೇನೆ.

‘ಮಾಸ್ಟರ್ಸ್’ ಎಂಬ ಹೆಸರಿನಲ್ಲಿ ಬೇರೆ ಸಂಘಗಳೂ ಕ್ರೀಡಾಕೂಟ ಮಾಡುತ್ತವೆ. ಅಲ್ಲಿ ಈಜಬಾರದು ಅಂತಲ್ಲ. ಆದರೆ ಅಲ್ಲಿನ ಸಮಯ ಫೆಡರೇಷನ್ ಕೂಟಕ್ಕೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿಕೊಳ್ಳಿ.

ರಾಜ್ಯ ಕೂಟಕ್ಕೆ ಸಾಮಾನ್ಯವಾಗಿ ಕ್ಲಬ್ಬಿನ ಮೂಲಕ ಹೆಸರು ಹೋಗುತ್ತದೆ. ಆದ್ದರಿಂದ ಮೊದಲ ಕೆಲಸ ಸಂಸ್ಥೆಯ ಮಾನ್ಯತೆ ಇರುವ ಕ್ಲಬ್ ಹುಡುಕುವುದು. ಬೆಂಗಳೂರಿನಲ್ಲಿ ಇದು ಕಷ್ಟವಲ್ಲ; ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಂಥ ಹಳೆಯ ಕ್ಲಬ್ಬುಗಳಿವೆ. ಬೇರೆ ಊರಿನವರು ತಮ್ಮ ಜಿಲ್ಲೆಯ ಈಜುಕೊಳದ ಕೋಚ್ ಹತ್ತಿರ ಕೇಳಿದರೆ ಸಾಕು. ಯಾವ ಕ್ಲಬ್ಬಿನಿಂದ ಮಕ್ಕಳು ರಾಜ್ಯ ಕೂಟಕ್ಕೆ ಹೋಗುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ.

ಕಾಗದಪತ್ರ ಮೊದಲೇ ಹೊಂದಿಸಿಡಿ. ವಯಸ್ಸಿನ ದಾಖಲೆ, ಆಧಾರ್, ಫೋಟೋ, ವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್, ಮೇಲಿನ ಮಟ್ಟಕ್ಕೆ ಫೆಡರೇಷನ್ನಿನ ನೋಂದಣಿ ಸಂಖ್ಯೆ. ನಮ್ಮ ತಲೆಮಾರಿನವರಿಗೆ ಇಲ್ಲೊಂದು ತಾಪತ್ರಯ ಇದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆಸಿದ ಹುಟ್ಟಿದ ದಿನ ಒಂದು, ಆಧಾರ್‌ನಲ್ಲಿರುವುದು ಇನ್ನೊಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಎರಡರಲ್ಲೂ ದಿನಾಂಕ ಒಂದೇ ಇದೆಯಾ ಅಂತ ಇವತ್ತೇ ನೋಡಿ. ಕೊನೆಯ ವಾರದಲ್ಲಿ ಇದು ಸರಿಹೋಗುವ ಕೆಲಸವಲ್ಲ.

ಅರ್ಜಿಯಲ್ಲಿ ‘ಎಂಟ್ರಿ ಟೈಮ್’ ಕೇಳುತ್ತಾರೆ. ನೀವು ಆ ದೂರಕ್ಕೆ ತೆಗೆದುಕೊಳ್ಳುವ ಸಮಯ ಅದು. ಗೊತ್ತಿಲ್ಲದಿದ್ದರೆ ‘ಎನ್‌ಟಿ’ (ನೋ ಟೈಮ್) ಅಂತ ಹಾಕುತ್ತಾರೆ, ಆಗ ಮೊದಲಿನ ಹೀಟ್‌ಗಳಿಗೆ ನಿಮ್ಮನ್ನು ತಳ್ಳುತ್ತಾರೆ. ಮಾಸ್ಟರ್ಸ್‌ನಲ್ಲಿ ಸೆಮಿಫೈನಲ್, ಫೈನಲ್ ಇರುವುದಿಲ್ಲ. ನೀವು ಈಜುವ ಹೀಟ್‌ನ ಸಮಯವೇ ಅಂತಿಮ. ನಿಧಾನದವರ ಹೀಟ್ ಮೊದಲು, ಜೋರಿನವರದು ಆಮೇಲೆ. ಬೇರೆ ಬೇರೆ ವಯಸ್ಸಿನವರನ್ನು ಒಂದೇ ಹೀಟ್‌ನಲ್ಲಿ ಇಳಿಸಿ, ಫಲಿತಾಂಶ ಮಾತ್ರ ಗುಂಪುವಾರು ತೆಗೆಯಬಹುದು. ಹಾಗಾಗಿ ಪಕ್ಕದ ಲೇನ್‌ನವರು ಮುಂದೆ ಹೋದರೆ ಗಾಬರಿ ಬೇಡ. ಅವರು ನಿಮ್ಮ ಗುಂಪಿನವರೇ ಅಲ್ಲದಿರಬಹುದು. ಸುಮ್ನೆ ಜಂಬಕ್ಕೆ ಕಡಿಮೆ ಸಮಯ ಬರೆಯಬೇಡಿ. ಹೀಟ್‌ನ ಉಳಿದವರೆಲ್ಲ ಈಜಿ ಮುಗಿಸಿ ಮೇಲೆ ಹತ್ತಿದ ಮೇಲೂ ನೀವೊಬ್ಬರೇ ನೀರಿನಲ್ಲಿ ಉಳಿದಿರುತ್ತೀರಿ.

ಮೊದಲ ಕೂಟಕ್ಕೆ ಯಾವ ಸ್ಪರ್ಧೆ ಆರಿಸಬೇಕು

ನನ್ನ ಸಲಹೆ: 50 ಮೀಟರ್ ಫ್ರೀಸ್ಟೈಲ್ ಒಂದು, 100 ಅಥವಾ 200 ಫ್ರೀಸ್ಟೈಲ್ ಇನ್ನೊಂದು. ಸಾಕು.

ಫ್ರೀಸ್ಟೈಲ್ ಯಾಕೆಂದರೆ ಅದರಲ್ಲಿ ಅನರ್ಹರಾಗುವುದೇ ಕಷ್ಟ. ಹೆಸರೇ ಹೇಳುವ ಹಾಗೆ ಯಾವ ಶೈಲಿಯಲ್ಲಾದರೂ ಈಜಬಹುದು. ಊರ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಕಲಿತವರು ಇಂದಿಗೂ ತಲೆ ಎತ್ತಿಯೇ ಕೈ ಬೀಸುತ್ತಾರೆ. ಅದೂ ನಿಯಮದ ಪ್ರಕಾರ ಸರಿಯೇ. ದಮ್ಮು ಹತ್ತಿದರೆ ಆಳ ಕಡಿಮೆ ಇರುವ ಕಡೆ ನೆಲಕ್ಕೆ ಕಾಲೂರಿ ನಿಂತು ಸುಧಾರಿಸಿಕೊಳ್ಳಬಹುದು, ನಡೆಯಬಾರದು ಅಷ್ಟೇ. ಲೇನ್ ಹಗ್ಗ ಹಿಡಿದು ಎಳೆದುಕೊಂಡು ಮುಂದೆ ಹೋಗುವಂತಿಲ್ಲ. ಪ್ರತಿ ಲ್ಯಾಪ್ ಕೊನೆಯಲ್ಲಿ ಮೈಯ ಯಾವುದಾದರೂ ಭಾಗ ಗೋಡೆಗೆ ತಾಗಬೇಕು. ಕಾಲು ತಾಗಿದರೂ ಆಯಿತು. ಪಲ್ಟಿ ಹೊಡೆಯುವ ತಿರುವು ಬಾರದಿದ್ದರೆ ಕೈಯಲ್ಲಿ ಮುಟ್ಟಿ ತಿರುಗಿ.

ಬ್ರೆಸ್ಟ್‌ಸ್ಟ್ರೋಕ್ ಸುಲಭ ಅಂತ ತುಂಬಾ ಜನ ಮೊದಲು ಅದಕ್ಕೇ ಹೆಸರು ಕೊಡುತ್ತಾರೆ. ತೀರ್ಪುಗಾರರ ಕಣ್ಣಿಗೆ ಅದೇ ಎಲ್ಲಕ್ಕಿಂತ ಹೆಚ್ಚು ತಪ್ಪು ಸಿಗುವ ಶೈಲಿ. ತಿರುಗುವಾಗಲೂ ಮುಗಿಸುವಾಗಲೂ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು, ಒಂದರ ಮೇಲೊಂದು ಇಟ್ಟಿರಬಾರದು. ಎರಡೂ ಕಾಲು ಒಂದೇ ಥರ ಹೊರಕ್ಕೆ ಸುತ್ತಿ ಒದೆಯಬೇಕು. ತಾವಾಗಿಯೇ ಕಲಿತವರಲ್ಲಿ ಒಂದು ಕಾಲು ಕತ್ತರಿಯ ಹಾಗೆ ಆಡುವುದು ಜಾಸ್ತಿ. ಅವರಿಗೆ ಅದು ಗೊತ್ತೇ ಇರುವುದಿಲ್ಲ. ಹಿಂದಿನಿಂದ ಯಾರಾದರೂ ಮೊಬೈಲಿನಲ್ಲಿ ವಿಡಿಯೋ ಮಾಡಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಮೊದಲು ಅದನ್ನು ಮಾಡಿಸಿ, ಆಮೇಲೆ ಬ್ರೆಸ್ಟ್‌ಸ್ಟ್ರೋಕ್‌ಗೆ ಹೆಸರು ಕೊಡಿ.

ಬ್ಯಾಕ್‌ಸ್ಟ್ರೋಕ್‌ನಲ್ಲಿ ಮುಗಿಸುವಾಗ ಮಗ್ಗುಲು ತಿರುಗಿಸದೆ ಅಂಗಾತ ಇದ್ದೇ ಗೋಡೆ ಮುಟ್ಟಬೇಕು. ಗೋಡೆಗೆ 5 ಮೀಟರ್ ಇರುವಾಗ ಮೇಲೆ ಬಾವುಟದ ಸಾಲು ಕಾಣುತ್ತದೆ. ಆ ಬಾವುಟದಿಂದ ಗೋಡೆಗೆ ನಿಮಗೆ ಎಷ್ಟು ಕೈ ಬೇಕು ಅಂತ ಎಣಿಸಿಟ್ಟುಕೊಳ್ಳಿ. ಅಷ್ಟು ಗೊತ್ತಿದ್ದರೆ ತಲೆ ಗೋಡೆಗೆ ಬಡಿಯುವ ಭಯ ಹೋಗುತ್ತದೆ, ಕೊನೆಯಲ್ಲಿ ನಿಧಾನ ಮಾಡುವುದೂ ತಪ್ಪುತ್ತದೆ.

ಎರಡೂ ಕೈ ಒಟ್ಟಿಗೆ ನೀರಿನ ಮೇಲೆ ಬೀಸುವ ಬಟರ್‌ಫ್ಲೈಗೆ ಮಾಸ್ಟರ್ಸ್‌ನಲ್ಲಿ ಒಂದು ರಿಯಾಯಿತಿ ಉಂಟು: ಕೈ ಬಟರ್‌ಫ್ಲೈ, ಕಾಲು ಬ್ರೆಸ್ಟ್‌ಸ್ಟ್ರೋಕ್ ಮಾಡಿದರೂ ಒಪ್ಪುತ್ತಾರೆ. ಸೊಂಟ ಹಿಡಿದುಕೊಂಡವರಿಗೆ ಇದು ವರ. 200 ಬಟರ್‌ಫ್ಲೈ, 400 ಮೆಡ್ಲೆಯಂಥ (ನಾಲ್ಕೂ ಶೈಲಿ ಒಂದಾದ ಮೇಲೊಂದು ಈಜುವುದು) ಕಷ್ಟದ ಸ್ಪರ್ಧೆಗಳಿಗೆ ಬರುವವರೇ ಕಡಿಮೆ. ನಿಯಮ ಮುರಿಯದೆ ಪೂರ್ತಿ ಈಜಿದವರಿಗೆಲ್ಲ ಪದಕ ಸಿಗುವ ವಯೋಗುಂಪುಗಳೂ ಇರುತ್ತವೆ. ಪದಕಕ್ಕಾಗಿ ಅದನ್ನು ಆರಿಸುವುದು ತಪ್ಪು ಅಂತ ನಾನು ಹೇಳುವುದಿಲ್ಲ. 200 ಮೀಟರ್ ಬಟರ್‌ಫ್ಲೈ ಮುಗಿಸಿದವರು ಆ ಪದಕವನ್ನು ಪುಕ್ಕಟೆಯಾಗಿ ಪಡೆದಿರುವುದಿಲ್ಲ.

ಮೂರು ತಿಂಗಳ ತಯಾರಿ

ಮೊದಲು ವೈದ್ಯರು. 40 ದಾಟಿದವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದವರು ಸರ್ಟಿಫಿಕೇಟಿಗೆ ಬರೀ ಸಹಿ ಹಾಕಿಸಿಕೊಂಡು ಬರಬೇಡಿ. ‘ಪೂರ್ತಿ ಜೋರಿನಲ್ಲಿ ಈಜುತ್ತೇನೆ’ ಅಂತ ಹೇಳಿ ಪರೀಕ್ಷೆ ಮಾಡಿಸಿಕೊಳ್ಳಿ. ಆರಾಮವಾಗಿ ಅರ್ಧ ಗಂಟೆ ಈಜುವುದಕ್ಕೂ ಉಸಿರು ಬಿಗಿಹಿಡಿದು 50 ಮೀಟರ್ ಬಡಿಯುವುದಕ್ಕೂ ಹೃದಯದ ಮಟ್ಟಿಗೆ ತುಂಬಾ ವ್ಯತ್ಯಾಸ ಇದೆ.

ನಂತರ ಕೊಳ. ಅಪಾರ್ಟ್‌ಮೆಂಟಿನ ಗೇರುಬೀಜದಾಕಾರದ ಪೂಲಿನಲ್ಲಿ ಸ್ಪರ್ಧೆಯ ತಯಾರಿ ಆಗುವುದಿಲ್ಲ. 25 ಅಥವಾ 50 ಮೀಟರ್ ಅಳತೆಯ ಕೊಳ ಬೇಕು. ಕೂಟ 50 ಮೀಟರ್ ಕೊಳದಲ್ಲಿದ್ದರೆ ವಾರಕ್ಕೆ ಒಂದು ದಿನವಾದರೂ ಅಂಥ ಕೊಳದಲ್ಲಿ ಈಜಿ. 25ರ ಕೊಳದಲ್ಲಿ ಪ್ರತಿ ತಿರುವಿಗೂ ಗೋಡೆ ಒದ್ದು ಜಾರುವ ಲಾಭ ಇದೆ. 50ರಲ್ಲಿ ಅದು ಅರ್ಧಕ್ಕಿಳಿಯುತ್ತದೆ, ಸಮಯ ಕೆಲವು ಸೆಕೆಂಡ್ ಜಾಸ್ತಿಯೇ ಬರುತ್ತದೆ. 30 ಮೀಟರ್ ಆದ ಮೇಲೆ ಗೋಡೆ ಇನ್ನೂ ದೂರ ಕಾಣುವುದಕ್ಕೆ ಮನಸ್ಸೂ ಒಗ್ಗಬೇಕು.

ಈಗ ನಿಮ್ಮ ವೇಗ ಅಳೆಯಿರಿ. ಒಂದೇ ದಿನ, ಮಧ್ಯೆ ಚೆನ್ನಾಗಿ ವಿಶ್ರಾಂತಿ ತೆಗೆದುಕೊಂಡು, 400 ಮೀಟರ್ ಮತ್ತು 200 ಮೀಟರ್ ಕೈಲಾದಷ್ಟು ಜೋರಾಗಿ ಈಜಿ. ಎರಡರ ಸಮಯದ ವ್ಯತ್ಯಾಸವನ್ನು ಎರಡರಿಂದ ಭಾಗಿಸಿ. 400ಕ್ಕೆ 9 ನಿಮಿಷ 20 ಸೆಕೆಂಡ್, 200ಕ್ಕೆ 4 ನಿಮಿಷ 20 ಸೆಕೆಂಡ್ ಬಂತು ಅನ್ನಿ. ವ್ಯತ್ಯಾಸ 5 ನಿಮಿಷ, ಅರ್ಧ ಮಾಡಿದರೆ 2 ನಿಮಿಷ 30 ಸೆಕೆಂಡ್. ನೀವು ಏದುಸಿರು ಬಿಡದೆ ತುಂಬಾ ಹೊತ್ತು ಕಾಯ್ದುಕೊಳ್ಳಬಹುದಾದ ವೇಗ 100 ಮೀಟರಿಗೆ ಹೆಚ್ಚುಕಡಿಮೆ ಅಷ್ಟು. ಅಭ್ಯಾಸದ ಲೆಕ್ಕವೆಲ್ಲ ಇದರ ಮೇಲೆ ನಿಲ್ಲುತ್ತದೆ.

ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು ಗಂಟೆ ಸಿಕ್ಕರೆ ಧಾರಾಳವಾಯಿತು. ಒಂದು ದಿನ ಈ ವೇಗದಲ್ಲೇ 100 ಮೀಟರ್‌ಗಳು: ಎಂಟು ಸಲ, ಮಧ್ಯೆ 15–20 ಸೆಕೆಂಡ್ ನಿಲುಗಡೆ. ಮೊದಲನೆಯದೂ ಎಂಟನೆಯದೂ ಒಂದೇ ಸಮಯಕ್ಕೆ ಬರಬೇಕು, ಅದೇ ಪರೀಕ್ಷೆ. ಇನ್ನೊಂದು ದಿನ ಶುದ್ಧ ಸ್ಪೀಡ್: 25 ಮೀಟರ್ ಪೂರ್ತಿ ಜೋರು, ಆಮೇಲೆ ಒಂದೂವರೆ ನಿಮಿಷ ಬಿಡುವು, ಹೀಗೆ ಆರೆಂಟು ಸಲ. ಬಿಡುವು ಕಡಿಮೆ ಮಾಡಿದರೆ ಅದು ಸ್ಪೀಡ್ ಅಭ್ಯಾಸ ಆಗುವುದಿಲ್ಲ, ಸುಸ್ತಿನ ಅಭ್ಯಾಸ ಆಗುತ್ತದೆ. ಮೂರನೆಯ ದಿನ ಶೈಲಿ ತಿದ್ದುವುದಕ್ಕೆ. ಕೋಚ್ ಇದ್ದರೆ ಅವರಿಗೆ ದುಡ್ಡು ಕೊಟ್ಟಾದರೂ ಈ ದಿನ ನಿಲ್ಲಿಸಿಕೊಳ್ಳಿ. ನಾಲ್ಕನೆಯ ದಿನ ಪೂರ್ತಿ ಸ್ಟಾರ್ಟ್, ತಿರುವು ಮತ್ತು ಮುಕ್ತಾಯಕ್ಕೆ. ಎಲ್ಲರೂ ಕೈಬಿಡುವುದು ಈ ನಾಲ್ಕನೆಯ ದಿನವನ್ನೇ. ವಯಸ್ಸಾದ ಮೈಯ ಶಕ್ತಿ ಹೆಚ್ಚಿಸಿ ಒಂದು ಸೆಕೆಂಡ್ ಉಳಿಸಲು ತಿಂಗಳುಗಳು ಬೇಕು. ಅದೇ ಒಂದು ಸೆಕೆಂಡ್ ಒಳ್ಳೆಯ ತಿರುವಿನಿಂದ ಎರಡು ವಾರದಲ್ಲಿ ಸಿಗುತ್ತದೆ.

ಭುಜ ಜೋಪಾನ. ದೊಡ್ಡವರ ಈಜು ನಿಂತುಹೋಗುವುದು ಹೆಚ್ಚಾಗಿ ಭುಜದ ನೋವಿನಿಂದ. ಕೈಗೆ ಹಾಕುವ ಪ್ಯಾಡಲ್‌ಗಳನ್ನು ಮೊದಲ ತಿಂಗಳುಗಳಲ್ಲಿ ಮುಟ್ಟಬೇಡಿ. ರಬ್ಬರ್ ಬ್ಯಾಂಡ್ ಹಿಡಿದು ಭುಜದ ಸಣ್ಣ ಸ್ನಾಯುಗಳಿಗೆ ವಾರಕ್ಕೆ ಮೂರು ಸಲ ವ್ಯಾಯಾಮ ಕೊಡಿ. ಬ್ರೆಸ್ಟ್‌ಸ್ಟ್ರೋಕ್ ಈಜುವವರಿಗೆ ಇದೇ ಮಾತು ಮಂಡಿಗೆ. ಕೂಟಕ್ಕೆ ಹತ್ತು ದಿನ ಇರುವಾಗ ದೂರವನ್ನು ಅರ್ಧಕ್ಕಿಳಿಸಿ, ಆದರೆ ಅದರೊಳಗಿನ ಸ್ಪೀಡ್ ಹಾಗೇ ಇರಲಿ. ಕೊನೆಯ ವಾರ ಭಯಬಿದ್ದು ಜಾಸ್ತಿ ಈಜುವುದರಿಂದ ಏನೂ ಬರುವುದಿಲ್ಲ.

ಸ್ಟಾರ್ಟ್ ಬ್ಲಾಕ್

ಕೊಳದ ತುದಿಯಲ್ಲಿ ಡೈವ್ ಹೊಡೆಯಲು ನಿಲ್ಲುವ ಎತ್ತರದ ಕಟ್ಟೆ ಇದು. ದೊಡ್ಡವರಿಗೆ ದೊಡ್ಡ ಭಯ ಇದೇ. ಡೈವ್ ಬಾರದಿದ್ದರೂ ಸ್ಪರ್ಧಿಸಬಹುದು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಾಸ್ಟರ್ಸ್ ನಿಯಮದಲ್ಲಿ ಬ್ಲಾಕ್ ಮೇಲಿಂದ, ಕೊಳದ ಅಂಚಿನಿಂದ, ಅಥವಾ ನೀರಿನಲ್ಲೇ ಗೋಡೆ ಒದ್ದು, ಮೂರು ಥರದಲ್ಲೂ ಹೊರಡಬಹುದು. ನೀರಿನಿಂದ ಹೊರಡುವುದಾದರೆ ನಿಮ್ಮ ಲೇನ್‌ನ ಟೈಮ್‌ಕೀಪರ್‌ಗೆ ಮೊದಲೇ ಒಂದು ಮಾತು ಹೇಳಿಬಿಡಿ.

ಡೈವ್ ಕಲಿಯುವುದಾದರೆ ಆಳ ನೋಡಿ. ಬ್ಲಾಕ್ ಇರುವ ಕಡೆ ನೀರು ಕನಿಷ್ಠ 1.35 ಮೀಟರ್ ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಕಲಿಯುವವರಿಗೆ ಅಷ್ಟು ಸಾಲದು, ಆಳದ ಕಡೆಯೇ ಅಭ್ಯಾಸ ಮಾಡಿ. ಮೊದಲು ಅಂಚಿನಲ್ಲಿ ಕೂತು, ಆಮೇಲೆ ಮಂಡಿಯೂರಿ, ಆಮೇಲೆ ನಿಂತು, ಕೊನೆಗೆ ಬ್ಲಾಕ್. ಈ ಕ್ರಮ ತಪ್ಪಿಸಬೇಡಿ. ಗಲ್ಲ ಎದೆಗೆ ಹತ್ತಿರ ಇರಲಿ. ತಲೆ ಎತ್ತಿ ಮುಂದೆ ನೋಡಿದಿರೋ ಗಾಗಲ್ಸ್ ಹಾರಿತು. ಗಾಗಲ್ಸ್ ಪಟ್ಟಿಯ ಮೇಲೆ ಟೋಪಿ ಹಾಕಿಕೊಂಡರೆ ಇನ್ನೂ ಭದ್ರ.

ಸೀಟಿಯ ಭಾಷೆ ತಿಳಿದಿರಲಿ. ಚಿಕ್ಕ ಚಿಕ್ಕ ಸೀಟಿಗಳ ಸರಣಿ ಕೇಳಿದರೆ ಮೈಮೇಲಿನ ಬಟ್ಟೆ ತೆಗೆದು ಸಿದ್ಧರಾಗಿ. ಉದ್ದ ಸೀಟಿ ಬಂದರೆ ಬ್ಲಾಕ್ ಹತ್ತಿ. ಬ್ಯಾಕ್‌ಸ್ಟ್ರೋಕ್‌ನಲ್ಲಿ ಆ ಉದ್ದ ಸೀಟಿಗೆ ನೀರಿಗಿಳಿಯಬೇಕು, ಎರಡನೆಯ ಉದ್ದ ಸೀಟಿಗೆ ಗೋಡೆಗೆ ಬಂದು ಹಿಡಿಕೆ ಹಿಡಿಯಬೇಕು. ‘ಟೇಕ್ ಯುವರ್ ಮಾರ್ಕ್ಸ್’ ಅಂದ ಮೇಲೆ ಬಗ್ಗಿ ಅಲ್ಲಾಡದೆ ನಿಲ್ಲಿ. ಸದ್ದು ಬಂದಾಗ ಮಾತ್ರ ಹೊರಡಿ. ಮೊದಲೇ ಹಾರಿದರೆ ಎರಡನೆಯ ಅವಕಾಶ ಇಲ್ಲ. ಮನೆಮಂದಿ ಯಾರಾದರೂ ಕೊಳದ ಪಕ್ಕ ನಿಂತು ಸೀಟಿ ಊದಿ ಇದನ್ನೆಲ್ಲ ಅಭ್ಯಾಸ ಮಾಡಿಸಲಿ. ಮಕ್ಕಳಿಗಂತೂ ಈ ಕೆಲಸ ಎಂದರೆ ಬಹಳ ಇಷ್ಟ.

ಬಟ್ಟೆ

ಗಂಡಸರಿಗೆ ಹೊಕ್ಕುಳಿನ ಕೆಳಗಿನಿಂದ ಮಂಡಿಯವರೆಗೆ, ಹೆಂಗಸರಿಗೆ ಭುಜದಿಂದ ಮಂಡಿಯವರೆಗೆ. ನೇಯ್ದ ಬಟ್ಟೆ ಆಗಿರಬೇಕು, ಜಿಪ್ ಇರಬಾರದು. 2010ರಿಂದ ಈ ನಿಯಮ ಇದೆ. ಪೂರ್ತಿ ಮೈ ಮುಚ್ಚುವ ಉಡುಪಿನಲ್ಲೇ ಈಜಿ ರೂಢಿಯಿರುವ ಹೆಂಗಸರು ಕೂಟದ ಸಂಘಟಕರ ಹತ್ತಿರ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ದುಬಾರಿ ರೇಸಿಂಗ್ ಸೂಟ್ ಮೊದಲ ಕೂಟಕ್ಕೆ ಖಂಡಿತ ಬೇಡ. ಗಾಗಲ್ಸ್ ಎರಡು ಜೊತೆ ಇರಲಿ, ಎರಡನ್ನೂ ಮೊದಲೇ ಹಾಕಿ ಈಜಿ ನೋಡಿರಲಿ. ಕೈಗಡಿಯಾರ ಬಿಚ್ಚಿಡಿ. ಭುಜಕ್ಕೋ ಮಂಡಿಗೋ ಟೇಪ್ ಸುತ್ತಿದ್ದರೆ ರೆಫರಿಯ ಒಪ್ಪಿಗೆ ಬೇಕು.

ಕೂಟದ ದಿನ

ಹಿಂದಿನ ರಾತ್ರಿ ದಿನಾ ತಿನ್ನುವುದನ್ನೇ ತಿನ್ನಿ. ಮುದ್ದೆ ತಿನ್ನುವವರು ಮುದ್ದೆ, ಅನ್ನದವರು ಅನ್ನ. ಬೆಳಿಗ್ಗೆ ಸ್ಪರ್ಧೆಗೆ ಎರಡು ಗಂಟೆ ಮೊದಲು ಇಡ್ಲಿ, ಬಾಳೆಹಣ್ಣು ಸಾಕು. ಹೋಟೆಲ್ಲಿನ ವಡೆ, ಪೂರಿ ಆಮೇಲಕ್ಕಿರಲಿ. ದಿನವಿಡೀ ಕಾಯಬೇಕಾಗುತ್ತದೆ. ನಮ್ಮಲ್ಲಿ ಬಹಳಷ್ಟು ಕೊಳಗಳು ಬಯಲಿನಲ್ಲಿವೆ, ಬಿಸಿಲು ಮೈಯ ಶಕ್ತಿಯನ್ನು ಹೀರಿಬಿಡುತ್ತದೆ. ಟೋಪಿ, ಕೊಡೆ, ಎರಡು ಟವೆಲ್, ಚಪ್ಪಲಿ, ನೀರು, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ, ಒಂದಿಷ್ಟು ಖರ್ಜೂರ ಚೀಲದಲ್ಲಿರಲಿ.

ವಾರ್ಮಪ್‌ಗೆ ಕೊಳ ತೆರೆದ ಕೂಡಲೇ ಇಳಿಯಿರಿ. ತಡವಾದರೆ ಒಂದೊಂದು ಲೇನ್‌ನಲ್ಲಿ ಹದಿನೈದು ಜನ ಇರುತ್ತಾರೆ. ಒಂದೆರಡು ಸಲ ಸ್ಟಾರ್ಟ್, ಒಂದೆರಡು ತಿರುವು ಅಲ್ಲೇ ಮಾಡಿ ನೋಡಿ. ಗೋಡೆ ಜಾರುತ್ತದೆಯಾ, ಬ್ಲಾಕ್ ಎಷ್ಟು ಎತ್ತರ, ಬ್ಯಾಕ್‌ಸ್ಟ್ರೋಕ್ ಆದರೆ ಬಾವುಟ ಎಲ್ಲಿ ಕಾಣುತ್ತದೆ ಅಂತ ತಿಳಿದುಕೊಳ್ಳಿ. ಡೈವ್ ಮಾಡಲು ಬೇರೆಯೇ ಲೇನ್ ಗೊತ್ತು ಮಾಡಿರುತ್ತಾರೆ. ಬೇರೆ ಕಡೆ ಜನರ ತಲೆಯ ಮೇಲೆ ಹಾರಬೇಡಿ.

ಹೀಟ್ ಪಟ್ಟಿಯನ್ನು ಫೋಟೋ ತೆಗೆದುಕೊಳ್ಳಿ. ನಿಮ್ಮ ಸ್ಪರ್ಧೆಯ ಸಂಖ್ಯೆ, ಹೀಟ್, ಲೇನ್ ಮೂರನ್ನೂ ತೋಳಿನ ಮೇಲೆ ಪೆನ್ನಿನಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೆಯದು. ಬರದೇ ಹೋದವರಿಂದ ಹೀಟ್‌ಗಳು ಬೇಗ ಓಡುತ್ತವೆ. ಹೇಳಿದ ಹೊತ್ತನ್ನು ನಂಬಿ ಊಟಕ್ಕೆ ಹೋದವರು ಸ್ಪರ್ಧೆ ಕಳೆದುಕೊಳ್ಳುತ್ತಾರೆ. ನಿಮಗಿಂತ ಮೂರು ನಾಲ್ಕು ಹೀಟ್ ಮೊದಲೇ ಕರೆಯುವ ಜಾಗದಲ್ಲಿರಿ.

ನೀರಿಗೆ ಬಿದ್ದ ಮೇಲೆ ಎಲ್ಲರೂ ಮಾಡುವುದು ಒಂದೇ ಕೆಲಸ, ಮೊದಲ 25 ಮೀಟರ್‌ನಲ್ಲಿ ಎಲ್ಲವನ್ನೂ ಸುರಿದುಬಿಡುವುದು. 50 ಮೀಟರ್‌ನಲ್ಲಿ ಅದು ಹೇಗೋ ನಡೆಯುತ್ತದೆ. 100ರಲ್ಲಿ 70 ದಾಟುವಾಗ ತೋಳು ಕಲ್ಲಾಗುತ್ತದೆ. 200ರಲ್ಲಿ ಮೊದಲ 50 ‘ಇದು ತೀರಾ ನಿಧಾನ ಆಯ್ತಲ್ಲ’ ಅನ್ನಿಸುವಂತಿರಬೇಕು. ಹಾಗನ್ನಿಸಿದರೆ ವೇಗ ಸರಿಯಾಗಿದೆ ಅಂತಲೇ ಅರ್ಥ. ಕೊನೆಯ 5 ಮೀಟರ್‌ನಲ್ಲಿ ಉಸಿರಿಗೆ ತಲೆ ತಿರುಗಿಸಬೇಡಿ, ಕೈ ಪೂರ್ತಿ ಚಾಚಿ ಗೋಡೆ ಒತ್ತಿ. ಎದೆ ಹಿಡಿದುಕೊಂಡ ಹಾಗಾದರೆ, ತಲೆ ಸುತ್ತಿದರೆ ಅಲ್ಲೇ ಲೇನ್ ಹಗ್ಗ ಹಿಡಿದು ಕೈ ಎತ್ತಿ. ಯಾವ ಪದಕವೂ ಅದಕ್ಕಿಂತ ದೊಡ್ಡದಲ್ಲ.

ಅನರ್ಹ ಅಂತ ಬಂದರೆ ಕಾರಣ ಕೇಳುವ ಹಕ್ಕು ನಿಮಗಿದೆ. ಕೇಳಿ, ಬರೆದುಕೊಳ್ಳಿ. ಜಗಳ ಬೇಡ. ತಕರಾರು ಇದ್ದರೆ ಸ್ಪರ್ಧೆ ಮುಗಿದ 30 ನಿಮಿಷದೊಳಗೆ ಲಿಖಿತವಾಗಿ, ಶುಲ್ಕ ಕಟ್ಟಿ, ತಂಡದ ಮೂಲಕ ಕೊಡಬೇಕು.

ರಿಲೇ ಬಿಡಬೇಡಿ

ಮಾಸ್ಟರ್ಸ್‌ನಲ್ಲಿ ನಿಜವಾದ ಗಮ್ಮತ್ತು ಇರುವುದು ಇಲ್ಲೇ. ನಾಲ್ವರ ವಯಸ್ಸು ಕೂಡಿಸಿ ಗುಂಪು ಮಾಡುತ್ತಾರೆ: 100–119, 120–159, 160–199, ಹೀಗೆ. 28, 34, 41, 52 ವಯಸ್ಸಿನವರ ತಂಡಕ್ಕೆ ಒಟ್ಟು 155. ಅದು 120–159ರ ಗುಂಪು. 34ರವರ ಜಾಗಕ್ಕೆ 39ರವರು ಬಂದರೆ 160 ಆಗಿ ಮೇಲಿನ ಗುಂಪಿಗೆ ಹೋಗುತ್ತದೆ. ಕ್ಲಬ್ಬಿನ ಹಿರಿಯರಿಗೆ ಇದ್ದಕ್ಕಿದ್ದ ಹಾಗೆ ಬೇಡಿಕೆ ಬರುವುದು ಈ ಲೆಕ್ಕದಿಂದ. ಮಿಕ್ಸ್‌ಡ್ ರಿಲೇಯಲ್ಲಿ ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಮೆಡ್ಲೆ ರಿಲೇಯ ಕ್ರಮ ಬ್ಯಾಕ್, ಬ್ರೆಸ್ಟ್, ಬಟರ್‌ಫ್ಲೈ, ಫ್ರೀ. ಒಬ್ಬರೇ ಈಜುವ ಮೆಡ್ಲೆಯಲ್ಲಿ ಬಟರ್‌ಫ್ಲೈ ಮೊದಲು ಬರುತ್ತದೆ, ಗೊಂದಲ ಮಾಡಿಕೊಳ್ಳಬೇಡಿ. ಬರುತ್ತಿರುವವರ ಕೈ ಗೋಡೆಗೆ ತಾಗುವವರೆಗೆ ನಿಮ್ಮ ಕಾಲು ಬ್ಲಾಕ್ ಬಿಡಬಾರದು. ಅಷ್ಟನ್ನು ನಾಲ್ಕಾರು ಸಲ ಒಟ್ಟಿಗೆ ಅಭ್ಯಾಸ ಮಾಡಿದರೆ ತಂಡ ಸಿದ್ಧ.

ವಿಶ್ವ ಮಾಸ್ಟರ್ಸ್ ಆಸೆ ಇದ್ದರೆ

ಮೊದಲ ವಿಶ್ವ ಮಾಸ್ಟರ್ಸ್ ಚಾಂಪಿಯನ್‌ಷಿಪ್ 1986ರಲ್ಲಿ ಟೋಕಿಯೋದಲ್ಲಿ ನಡೆಯಿತು. 2015ರ ಕಜಾನ್‌ನಿಂದ ಈಚೆಗೆ ದೊಡ್ಡ ವಿಶ್ವ ಚಾಂಪಿಯನ್‌ಷಿಪ್ ಮುಗಿದ ಬೆನ್ನಿಗೆ ಅದೇ ಊರಿನಲ್ಲಿ ಮಾಸ್ಟರ್ಸ್ ಕೂಡ ಇಡುತ್ತಾರೆ. 2023ರಲ್ಲಿ ಫುಕುವೋಕಾ, 2024ರಲ್ಲಿ ದೋಹಾ, 2025ರಲ್ಲಿ ಸಿಂಗಪುರ. ಇಲ್ಲಿ ದೇಶದ ತಂಡಕ್ಕೆ ಆಯ್ಕೆಯಾಗಬೇಕಿಲ್ಲ. ಫೆಡರೇಷನ್ನಿಗೆ ಸೇರಿದ ಕ್ಲಬ್ಬಿನ ಹೆಸರಿನಲ್ಲಿ ನೋಂದಾಯಿಸಿಕೊಂಡು ನಿಮ್ಮದೇ ಖರ್ಚಿನಲ್ಲಿ ಹೋಗುತ್ತೀರಿ. ಒಬ್ಬರಿಗೆ ಗರಿಷ್ಠ ಐದು ವೈಯಕ್ತಿಕ ಸ್ಪರ್ಧೆ. ಪ್ರತಿ ವಯೋಗುಂಪಿಗೂ ಅರ್ಹತಾ ಸಮಯ ಇರುತ್ತದೆ. ಅದರ ಪಟ್ಟಿಯನ್ನು ಡೌನ್‌ಲೋಡ್ ಮಾಡಿಕೊಂಡು ಇವತ್ತೇ ನಿಮ್ಮ ಸಮಯದ ಪಕ್ಕ ಇಟ್ಟು ನೋಡಿ. ಕೆಲವು ಸ್ಪರ್ಧೆಗಳಲ್ಲಿ ನೀವು ಅಂದುಕೊಂಡದ್ದಕ್ಕಿಂತ ಹತ್ತಿರದಲ್ಲೇ ಇರಬಹುದು. ವಿಮಾನದ ಟಿಕೆಟ್ ಮಾತ್ರ ನೋಂದಣಿ ಖಚಿತವಾದ ಮೇಲೆ ತೆಗೆದುಕೊಳ್ಳಿ. ವೀಸಾಕ್ಕೆ ಸಂಘಟಕರ ಆಹ್ವಾನ ಪತ್ರ ಬೇಕಿದ್ದರೆ ಅದನ್ನು ನೋಂದಣಿ ಮಾಡುವಾಗಲೇ ಕೇಳಿಬಿಡಿ.